ಬಲಗೈಯವರು ಎಸೆದ ಚೆಂಡು

ಆ ಬೇಸಿಗೆಯಲ್ಲಿ ನನ್ನ ಗಂಡ ಎಡಗೈಯಿಂದ ಎಸೆಯುವವರ ಚೆಂಡನ್ನು ಬೇಲಿಯ ತನಕ ಹೊಡೆಯುತ್ತಿದ್ದರು. ಬಲಗೈಯವರ ಚೆಂಡಿಗೆ ಬ್ಯಾಟನ್ನು ತಾಗಿಸುವುದೂ ಅವರಿಂದ ಆಗುತ್ತಿರಲಿಲ್ಲ. ಬೇಸ್‌ಬಾಲ್ ಆಟದಲ್ಲಿ ಇದು ಸಹಜ ಎಂದು ಎಲ್ಲರೂ ಹೇಳಿದರು. ಲೆಕ್ಕ ಹಾಕಿ ನೋಡಿದ ನನಗೂ ಹಾಗೇ ಕಂಡಿತು. ಅದೇ ಬೇಸಿಗೆಯಲ್ಲಿ, ನಮ್ಮ ಮನೆಯೊಳಗೆ ನಾನು ಕೆಲವು ಹೊತ್ತು ಇಲ್ಲದವಳಾಗತೊಡಗಿದೆ. ಏನೋ ಒಂದು ಅವರನ್ನು ಪಕ್ಕದಿಂದ ತಿನ್ನುತ್ತಾ ಬರುತ್ತಿದೆ ಎಂಬ ಭಯ ನನಗೆ ಹುಟ್ಟಿತ್ತು. ಅದು ಅವರನ್ನು ಪೂರ್ತಿ ಕೊಂಡೊಯ್ಯುವ ಮೊದಲು ಏನೆಂದು ತಿಳಿಯಬೇಕಿತ್ತು. ತಿಳಿದದ್ದು ಮೈದಾನದಲ್ಲಿ.

ಎಂಬತ್ತರ ದಶಕದ ನಡುವಿನ ಮಾತು. ನಾವು ಅಮೆರಿಕದಲ್ಲಿ, ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅವರು ಉಡುಪಿ ಕಡೆಯವರು, ಎಂಜಿನಿಯರು. ನಾನು ಮೈಸೂರಿನವಳು, ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ ಬಂದವಳು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಗಲೆಲ್ಲ ಲೈಬ್ರರಿ, ಗ್ರೋಸರಿ, ಊರಿಗೆ ಬರೆಯುವ ಕಾಗದ. ಜನರೊಡನೆ ಬೇಗ ಬೆರೆಯುವವಳೂ ನಾನಲ್ಲ. ಅವರ ಆಫೀಸಿನವರು ಸೇರಿ ಕಟ್ಟಿಕೊಂಡಿದ್ದ ಒಂದು ಬೇಸ್‌ಬಾಲ್ ತಂಡವಿತ್ತು. ಭಾನುವಾರದ ಆಟ. ಕಾಲೇಜಿನಲ್ಲಿ ಕ್ರಿಕೆಟ್ ಆಡಿದ್ದ ನನ್ನ ಗಂಡನನ್ನು ಆ ತಂಡದ ಕೋಚು ಮೊದಲ ದಿನವೇ ಎಳೆದುಕೊಂಡುಬಿಟ್ಟಿದ್ದ.

ಕೋಚು ಎಂದರೆ ಆಫೀಸಿನ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಅಮೆರಿಕನ್ ಮುದುಕ. ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ನನ್ನ ಗಂಡನನ್ನು 'ಕ್ರಿಕೆಟ್' ಎಂದು ಕರೆಯುತ್ತಿದ್ದ, ನನ್ನನ್ನು 'ಪ್ರೊಫೆಸರ್' ಎಂದು. ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ ನನಗೆ ಸ್ಕೋರು ಬರೆಯುವ ಕೆಲಸ ಕೊಟ್ಟವನು ಅವನೇ.

"ಮಾತಾಡೋ ಅಗತ್ಯ ಇಲ್ಲ ಪ್ರೊಫೆಸರ್, ನಿನಗೆ ಹೇಳಿ ಮಾಡಿಸಿದ ಕೆಲಸ," ಅಂದ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಬಲಗೈ ಬ್ಯಾಟಿನವನಿಗೆ ಬಲಗೈ ಪಿಚರ್ ಕಷ್ಟ, ಎಡಗೈಯವನು ಸುಲಭ. ಎಡಗೈ ಬ್ಯಾಟಿನವನಿಗೆ ಇದರ ತಿರುಗುಮುರುಗು. ನಮ್ಮದೇ ಕೈಯ ಪಿಚರ್ ಎಸೆದ ಚೆಂಡು ನಮ್ಮ ಭುಜದ ಹಿಂದಿನಿಂದ ಬಂದ ಹಾಗೆ ಬಂದು ದೂರ ಸರಿದುಹೋಗುತ್ತದೆ. ಇನ್ನೊಂದು ಕೈಯವನದು ಕಣ್ಣೆದುರಿಗೇ ಬರುತ್ತದೆ. ಇದು ಆ ಆಟದ ಹಳೆಯ ತಿಳಿವಳಿಕೆ. ಆದ್ದರಿಂದ ಕೋಚುಗಳು ಒಂದೇ ಜಾಗಕ್ಕೆ ಇಬ್ಬರನ್ನು ಇಟ್ಟುಕೊಂಡು, ಎದುರು ತಂಡದ ಪಿಚರ್ ಯಾವ ಕೈಯವನು ಎಂದು ನೋಡಿ ಒಬ್ಬನನ್ನು ಇಳಿಸುತ್ತಾರೆ. ಅದಕ್ಕೆ ಅವರು ಸೈನ್ಯದ ಮಾತಿನಲ್ಲಿ ಪ್ಲಟೂನು ಎನ್ನುತ್ತಾರೆ.

ಹಿಂದಿನ ವರ್ಷ ನನ್ನ ಗಂಡ ಎರಡೂ ಕೈಯವರನ್ನು ಹೊಡೆದಿದ್ದರು. ಈ ವರ್ಷ ಬಲಗೈಯವರ ಎದುರು ಮೆಲ್ಲಗೆ ಸೊರಗಿದರು. ನಾನು ಎರಡೂ ಕೈಯವರ ಎದುರಿನ ಲೆಕ್ಕವನ್ನು ಬೇರೆ ಬೇರೆ ಮಾಡಿ ತೋರಿಸಿದಾಗ ಕೋಚು ಖುಷಿಯಿಂದ ಬೀಜದ ಸಿಪ್ಪೆ ಉಗಿದ.

"ಹೋದ ವರ್ಷದ್ದು ಅದೃಷ್ಟ. ಈಗ ಅವನು ನಿಜವಾದ ಬೇಸ್‌ಬಾಲ್ ಆಟಗಾರ. ಇನ್ನು ಮೇಲೆ ಎಡಗೈಯವರು ಬಂದಾಗ ಮಾತ್ರ ಕ್ರಿಕೆಟ್ ಆಡ್ತಾನೆ."

ಹಾಗೇ ಆಯಿತು. ಬಲಗೈಯವರು ಎಸೆಯುವ ಭಾನುವಾರ ಅವರು ಬೆಂಚಿನ ಮೇಲೆ ನನ್ನ ಪಕ್ಕ ಕೂತಿರುತ್ತಿದ್ದರು. ಎಡಗೈಯವರು ಎಸೆಯುವ ದಿನ ಇಳಿದು ಹೊಡೆಯುತ್ತಿದ್ದರು. ಅವರ ಹೆಸರಿನ ಮುಂದಿನ ಅಂಕಗಳು ಏರಿದವು. ಎಲ್ಲರೂ ಬೆನ್ನು ತಟ್ಟಿದರು. ಆಟದ ಒಂದು ಜಾಣತನ, ಇದ್ದ ಒಂದು ತೊಂದರೆಯನ್ನು ಅಚ್ಚುಕಟ್ಟಾಗಿ ಮುಚ್ಚಿಟ್ಟಿತು.

ಮನೆಯಲ್ಲಿ ಮುಚ್ಚುವವರು ಯಾರೂ ಇರಲಿಲ್ಲ.

ಮೊದಲು ಉಪ್ಪಿನಕಾಯಿ. ನಮ್ಮ ಎರಡೂ ಮನೆಗಳಲ್ಲಿ, ಬಾಳೆಲೆಯಾಗಲಿ ಸ್ಟೀಲಿನ ತಟ್ಟೆಯಾಗಲಿ, ಉಪ್ಪು, ಉಪ್ಪಿನಕಾಯಿ, ಚಟ್ನಿ ಬಡಿಸುವುದು ಎಡಗಡೆಗೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಒಂದು ದಿನ ಊಟದ ನಡುವೆ ಅವರು ತಲೆ ಎತ್ತಿದರು.

"ಉಪ್ಪಿನಕಾಯಿ ಮುಗೀತಾ ಮಾರಾಯ್ತಿ?"

"ಬಡಿಸಿದೀನಲ್ಲಾ ರೀ."

ಅವರು ತಟ್ಟೆ ನೋಡಿದರು. ಆಮೇಲೆ ಮುಖ ತಿರುಗಿಸಿ ಮತ್ತೆ ನೋಡಿದರು. "ಓ. ಈಗ ಹಾಕಿದ್ಯಾ?"

ಆ 'ಈಗ ಹಾಕಿದ್ಯಾ' ಎಂಬ ಮಾತು ಆಮೇಲೆ ಆಗಾಗ ಬರತೊಡಗಿತು. ಕಾಫಿ ಲೋಟ, ಪೇಪರು, ಕಾರಿನ ಕೀ, ಎಲ್ಲವೂ ಅವರ ಪಾಲಿಗೆ ಇಲ್ಲವಾಗಿದ್ದು ತಟ್ಟನೆ ಅಲ್ಲೇ ಇರುತ್ತಿದ್ದವು. ನಾನು ಸದ್ದಿಲ್ಲದೆ ಇಟ್ಟು ಹೋಗುತ್ತೇನೆ ಎಂದು ಅವರು ನಂಬಿದ್ದರು. "ಬೆಕ್ಕಿನ ಹಾಗೆ ನಡೀತೀಯ ನೀನು. ಗೆಜ್ಜೆ ಕಟ್ಟಿಕೋ," ಎಂದು ನಗುತ್ತಿದ್ದರು. ಅವರ ಎಡ ಭುಜದಲ್ಲಿ ಬಾಗಿಲ ಚೌಕಟ್ಟು ತಾಗಿ ಕಂದಿದ ಗುರುತು ಇರುತ್ತಿತ್ತು. ಕೇಳಿದರೆ ಆಟದಲ್ಲಿ ಆದದ್ದು ಎನ್ನುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ನಾನು ಕಿಟಕಿಯ ಪಕ್ಕ ಬಟ್ಟೆ ಮಡಿಸುತ್ತಾ ನಿಂತಿದ್ದೆ. ಅವರು ಸ್ನಾನ ಮುಗಿಸಿ ಬಂದವರು ನನ್ನ ಮುಂದೆಯೇ ಹಾದು ಅಡುಗೆಮನೆಗೆ ಹೋದರು. ನನ್ನ ಹೆಸರು ಕೂಗಿದರು. ಮಲಗುವ ಕೋಣೆಗೆ ಹೋಗಿ ಕೂಗಿದರು. ಬಾಲ್ಕನಿಯ ಬಾಗಿಲು ಸರಿಸಿ ಕೆಳಗೆ ನೋಡಿದರು. ನಾನು ಕೈಯಲ್ಲಿ ಟವೆಲು ಹಿಡಿದು ನಿಂತಲ್ಲೇ ಇದ್ದೆ. ಓಗೊಡಬೇಕೆಂದು ನನಗೆ ತೋಚಲಿಲ್ಲ. ಯಾರೋ ನನ್ನನ್ನು ಹುಡುಕುತ್ತಿರುವುದನ್ನು, ನಾನಿಲ್ಲದ ಮನೆಯಲ್ಲಿ, ನಾನೇ ನಿಂತು ನೋಡಿದ ಹಾಗಿತ್ತು. ಕೊನೆಗೆ ಅವರು ಪೂರ್ತಿ ತಿರುಗಿದಾಗ ಬೆಚ್ಚಿಬಿದ್ದರು.

"ಎಲ್ಲಿ ಹೋಗಿದ್ದೆ?"

"ಇಲ್ಲೇ ಇದ್ದೆ."

"ತಮಾಷೆ ಮಾಡಬೇಡ," ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

ಇದನ್ನು ಯಾರಿಗೆ ಹೇಳುವುದು? ಮದುವೆಯಾದ ಹೊಸದರಲ್ಲಿ ಗಂಡ ನನ್ನನ್ನು ಗಮನಿಸುವುದಿಲ್ಲ ಎಂದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ನಮಗೆ ಹತ್ತಿರದವರೆಂದರೆ ಮಂಗಳೂರಿನ ಒಬ್ಬ ಅಕ್ಕ. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು, ಮನೆ ಅದರಾಚೆಯ ಡಬ್ಲಿನ್ ಎಂಬ ಸಣ್ಣ ಊರಿನಲ್ಲಿ. ಆಗ ಆ ಊರಿನಲ್ಲಿ ನಮ್ಮವರು ತೀರ ಕಡಿಮೆ. ಸುತ್ತ ಒಣಗಿದ ಬೆಟ್ಟ, ಅರ್ಧ ಕಟ್ಟಿದ ಮನೆಗಳು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೊಸ ದಂಪತಿಗಳೆಂದು ನಮ್ಮನ್ನೇ ಕೂರಿಸಿದ್ದರು. ಮಂತ್ರ ಹೇಳುತ್ತಿದ್ದವರು ವಾರವೆಲ್ಲ ಎಂಜಿನಿಯರು, ರಜೆಯಲ್ಲಿ ಪುರೋಹಿತರು.

ಪೂಜೆಯುದ್ದಕ್ಕೂ ನಾನು ಗಂಡನ ಬಲಗಡೆ ಕೂತಿದ್ದೆ. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಪುರೋಹಿತರು, "ಆಶೀರ್ವಾದಕ್ಕೆ ಹೆಂಡ್ತಿ ಎಡಗಡೆ ಬರಬೇಕಮ್ಮ," ಅಂದರು. ಗಂಡನ ಹಿಂದಿನಿಂದ ಹೋಗಿ ಎಡಕ್ಕೆ ಕೂತೆ. ಪುರೋಹಿತರು ಅಕ್ಷತೆ ಎತ್ತಿಕೊಂಡರು. ನನ್ನ ಗಂಡ ಬಲಕ್ಕೆ ನೋಡಿದರು, ಎದುರಿಗೆ ನೋಡಿದರು.

"ಎಲ್ಲಿ ಹೋದಳು ಇವಳು?"

ಕೋಣೆಯೆಲ್ಲ ನಕ್ಕಿತು. "ಏನಪ್ಪಾ, ಇಷ್ಟು ಬೇಗ ಸಾಕಾದಳಾ?" ಎಂದು ಡಾಕ್ಟರ್ ಅಕ್ಕ ಹಿಂದಿನಿಂದ ರೇಗಿಸಿದರು. ನನ್ನ ಗಂಡನೂ ನಕ್ಕರು, ಬೇಕೆಂದೇ ಮಾಡಿದ ತಮಾಷೆ ಎಂಬ ಹಾಗೆ. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ನಗುವಾಗ ಅವರ ಕಣ್ಣು ನನ್ನನ್ನು ಇನ್ನೂ ಹುಡುಕುತ್ತಿತ್ತು. ಅಕ್ಷತೆ ನನ್ನ ತಲೆಯ ಮೇಲೆ ಬಿತ್ತು.

ಮುಂದಿನ ವಾರ ಕೋಚಿಗೆ ಒಂದು ಹೊಸ ಉಪಾಯ ಹೊಳೆಯಿತು. ಎದುರು ತಂಡಗಳಲ್ಲಿ ಬಲಗೈಯವರೇ ಹೆಚ್ಚು. ನನ್ನ ಗಂಡನಂಥ ಹೊಡೆತಗಾರನನ್ನು ಬೆಂಚಿನ ಮೇಲೆ ಕೂರಿಸಿಡುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

"ಕ್ರಿಕೆಟ್, ನೀನು ಎಡಗೈಯಲ್ಲೂ ಬ್ಯಾಟ್ ಮಾಡ್ತೀಯ ಅಂದಿದ್ದೆಯಲ್ಲ?"

"ಹುಡುಗಾಟಕ್ಕೆ ಮಾಡ್ತಿದ್ದೆ."

"ಹಾಗಾದ್ರೆ ಆಚೆ ಕಡೆ ನಿಲ್ಲು. ಎಡಗೈಯವನಾಗಿ ನಿಂತರೆ ಬಲಗೈ ಪಿಚರ್ ನಿನಗೆ ಸುಲಭ ಆಗ್ತಾನೆ. ನಿಯಮ ನಿಯಮವೇ. ಏನಂತೀಯ ಪ್ರೊಫೆಸರ್?"

ನಿಯಮದ ಪ್ರಕಾರ ಹೌದು ಅಂದೆ.

ಸಂಜೆಯ ಅಭ್ಯಾಸ. ಮೈದಾನದ ಒಂದು ಬದಿಗೆ ಫ್ರೀವೇ ಎನ್ನುವ ಹೆದ್ದಾರಿ, ಇನ್ನೊಂದು ಬದಿಗೆ ನೀಲಗಿರಿ ಮರಗಳ ಸಾಲು. ಗಾಳಿಯಿಲ್ಲದೆಯೂ ಆ ಮರಗಳ ತೊಗಟೆ ಸುಲಿದು ಬೀಳುತ್ತಿತ್ತು. ಕೋಚು ಇಬ್ಬರು ಪಿಚರುಗಳನ್ನು ತಂದಿದ್ದ. ಮೊದಲು ಎಡಗೈಯವನು. ನನ್ನ ಗಂಡ ಅಭ್ಯಾಸವಿಲ್ಲದ ಕಡೆ ನಿಂತು, ಸೊಂಟ ಸರಿಯಾಗಿ ತಿರುಗಿಸಲಾರದೆ ಹೊಡೆದರು. ನಿಯಮದ ಪ್ರಕಾರ ಈಗ ಇವನೇ ಅವರಿಗೆ ಕಷ್ಟವಾಗಬೇಕಿತ್ತು. ಹೊಡೆತ ಒರಟಾಗಿತ್ತು, ಆದರೆ ಚೆಂಡು ಸಿಕ್ಕಿತು. ಮತ್ತೆ ಮತ್ತೆ ಸಿಕ್ಕಿತು.

ಆಮೇಲೆ ಬಲಗೈಯವನು ಬಂದ. ಸುಲಭವಾಗಬೇಕಾದವನು. ಅವನು ಕೈ ಎತ್ತಿ ಎಸೆದ. ನನ್ನ ಗಂಡ ಕದಲಲಿಲ್ಲ. ಚೆಂಡು ಹಿಂದಿನ ಬಲೆಗೆ ಬಡಿದ ಮೇಲೆ ಅವರ ಕಣ್ಣುರೆಪ್ಪೆ ಬಡಿಯಿತು.

"ಎಸೆದನಾ?" ಎಂದು ಕೇಳಿದರು.

ಎಲ್ಲರೂ ನಕ್ಕರು. ಕೋಚು ಮಾತ್ರ ನಗಲಿಲ್ಲ. ಬೀಜ ಅಗಿಯುವುದನ್ನು ನಿಲ್ಲಿಸಿ, "ಇದು ನಿಯಮದಲ್ಲಿಲ್ಲ," ಎಂದು ತನಗೇ ಹೇಳಿಕೊಂಡ.

ನನ್ನ ಓದು ನನಗೆ ಕಲಿಸಿದ್ದು ಒಂದೇ ಒಂದು ಉಪಯೋಗದ ವಿಷಯ: ಎರಡು ಕಾರಣಗಳು ಒಟ್ಟಿಗೇ ಓಡಾಡುತ್ತಿದ್ದರೆ, ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟು ನೋಡಬೇಕು. ಇಷ್ಟು ದಿನ ಬ್ಯಾಟಿನ ಕೈಯೂ ಪಿಚರನ ಕೈಯೂ ಒಂದೇ ಆಗಿದ್ದರಿಂದ ಕಷ್ಟ ಎಂದುಕೊಂಡಿದ್ದೆವು. ಈಗ ಬ್ಯಾಟಿನ ಕೈ ಬದಲಾಗಿತ್ತು. ಕಷ್ಟ ಮಾತ್ರ ಬಲಗೈ ಪಿಚರನ ಬಳಿಯೇ ಉಳಿದಿತ್ತು. ಅಂದರೆ ಬ್ಯಾಟಿನ ಕೈಗೂ ಇದಕ್ಕೂ ಸಂಬಂಧವಿರಲಿಲ್ಲ.

ನಾನು ಎದ್ದು ಬಲೆಯ ಹಿಂದೆ, ಅವರ ಬೆನ್ನಿನ ನೇರಕ್ಕೆ ಹೋಗಿ ನಿಂತೆ. ಅಲ್ಲಿಂದ ನೋಡಿದರೆ, ನಮ್ಮೆದುರು ಮುಖ ಮಾಡಿ ನಿಂತವನ ಬಲಗೈ ನಮಗೆ ಎಡಗಡೆ. ಚೆಂಡು ಅಲ್ಲಿ ಹುಟ್ಟುತ್ತದೆ. ಉಪ್ಪಿನಕಾಯಿ ಇದ್ದದ್ದೂ, ಪೂಜೆಯಲ್ಲಿ ನಾನು ಹೋಗಿ ಕೂತದ್ದೂ ಎಡಗಡೆಯೇ. ನಾನು ಕುದುರೆಯ ಕಣ್ಣಪಟ್ಟಿಯ ಹಾಗೆ ಎಡ ಅಂಗೈಯನ್ನು ಮೂಗಿನ ಮೇಲಿಂದ ಎಡಕ್ಕೆ ಅಡ್ಡ ಹಿಡಿದು ಪಿಚರನ ಮುಖವನ್ನೇ ನೋಡಿದೆ. ಅವನಿಗೆ ಬಲಗೈ ಇರಲಿಲ್ಲ. ಅರ್ಧ ಎದೆಯ ಮನುಷ್ಯ ಒಂಟಿ ಕಾಲಿನಲ್ಲಿ ಬಾಗಿದ; ಏನೂ ಇಲ್ಲದ ಗಾಳಿಯಿಂದ ಒಂದು ಚೆಂಡು ಹೊರಬಂದು, ನನ್ನ ಮುಖದ ಮುಂದಿನ ಬಲೆಗೆ ಬಡಿಯಿತು.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಕೋಚು ನನ್ನ ಮುಖ ನೋಡಿ ಅಭ್ಯಾಸ ನಿಲ್ಲಿಸಿದ.

ಕಾರಿನ ಹತ್ತಿರ ಬಂದಾಗ ನಾನು ಕೀಗಾಗಿ ಕೈ ಚಾಚಿದೆ. "ಇವತ್ತು ನಾನು ಓಡಿಸ್ತೀನಿ."

"ನೀನಾ? ಫ್ರೀವೇ ಅಂದ್ರೆ ನಡುಗ್ತೀಯ."

"ಒಳರಸ್ತೆಯಲ್ಲೇ ಹೋಗ್ತೀನಿ. ಕೊಡಿ."

ಅಲ್ಲಿನ ಕಾರುಗಳಲ್ಲಿ ಓಡಿಸುವವರ ಸೀಟು ಎಡಗಡೆ. ಇಷ್ಟು ದಿನ ಅವರು ಓಡಿಸುವಾಗ ನಾನು ಅವರ ಬಲಗಡೆ ಕೂತಿರುತ್ತಿದ್ದೆ. ಕಾರಿನಲ್ಲಿ ನಾನು ಎಂದೂ ಕಾಣೆಯಾಗಿರಲಿಲ್ಲ. ಈಗ ಅವರು ನನ್ನ ಬಲಗಡೆ ಕೂತರು. ಸ್ವಲ್ಪ ಹೊತ್ತು ಏನೇನೋ ಹೇಳಿದರು. ನಾನು ರಸ್ತೆ ನೋಡುತ್ತಿದ್ದೆ, ಮಾತಾಡಲಿಲ್ಲ. ಅವರ ಮಾತು ನಿಧಾನವಾಯಿತು. ಬಿಸಿಲಿಗೆ ಕಂದಿದ ಬೆಟ್ಟಗಳನ್ನು ನೋಡುತ್ತಾ, ಅರೆನಗುವಿನಲ್ಲಿ ಅಂದರು:

"ವಿಚಿತ್ರ ಮಾರಾಯ್ತಿ. ಕಾರು ತಾನೇ ಓಡ್ತಾ ಇದ್ದ ಹಾಗೆ ಅನಿಸ್ತದೆ."

ನಾನು ಕಾರನ್ನು ಗಿಡ ಮಾರುವ ಒಂದು ನರ್ಸರಿಯ ಮುಂದೆ ನಿಲ್ಲಿಸಿದೆ.

"ಎದುರಿಗೇ ನೋಡ್ತಾ ಇರಿ. ತಿರುಗಬೇಡಿ. ನನ್ನ ಕೈ ಎಲ್ಲಿದೆ ಹೇಳಿ."

"ಸ್ಟಿಯರಿಂಗ್ ಮೇಲೆ."

ಕೈ ಅವರ ಕೆನ್ನೆಯ ಹತ್ತಿರ, ಒಂದು ಗೇಣಿನಷ್ಟು ದೂರದಲ್ಲಿತ್ತು. ಬೆರಳು ಆಡಿಸುತ್ತಿದ್ದೆ.

"ನನ್ನ ಮುಖ ಕಾಣುತ್ತಾ?"

"ನೀನು ಅಲ್ಲಿದ್ದೀಯ ಅಂತ ಗೊತ್ತುಂಟಲ್ಲ."

"ಗೊತ್ತಿರೋದು ಬೇಡ. ಕಾಣುತ್ತಾ?"

ಗಾಜಿನಾಚೆ ಒಬ್ಬ ಹೆಂಗಸು ಗುಲಾಬಿ ಗಿಡಗಳಿಗೆ ನೀರು ಹಾಕುತ್ತಾ ಬಲದಿಂದ ಎಡಕ್ಕೆ ನಡೆದುಹೋದಳು. ಅವರ ಕಣ್ಣು ಅವಳನ್ನು ಹಿಂಬಾಲಿಸಲಿಲ್ಲ. ಬಿಟ್ಟ ಜಾಗದಲ್ಲೇ ನಿಂತಿತ್ತು.

"ಅವಳು ಎಲ್ಲಿ ಹೋದಳು?" ಎಂದು ಮೆಲ್ಲಗೆ ಕೇಳಿದರು.

ಡಾಕ್ಟರ್ ಅಕ್ಕನಿಗೆ ಫೋನು ಮಾಡಿದೆ. "ಅವತ್ತು ಪೂಜೆಯಲ್ಲಿ ನಾನೇ ನಕ್ಕುಬಿಟ್ಟೆನಲ್ಲಾ," ಅಂದರು. ಆಮೇಲೆ, "ನಾಳೆ ಬೆಳಿಗ್ಗೇನೇ ಕರ್ಕೊಂಡು ಬಾ. ಅವನಿಗೆ ಕಾರು ಮುಟ್ಟೋಕೆ ಬಿಡಬೇಡ," ಅಂದರು.

ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನನ್ನ ಗಂಡನ ಗದ್ದವನ್ನು ಬಿಳಿಯ ಗೋಳದಂಥ ಒಂದು ಪಾತ್ರೆಯ ಬಾಯಿಗೆ ಒತ್ತಿ ಕೂರಿಸಿದರು. ಒಳಗೆ ಅಲ್ಲಲ್ಲಿ ಸಣ್ಣ ಬೆಳಕಿನ ಚುಕ್ಕೆ ಮಿಣುಕುತ್ತದೆ. ಕಂಡಾಗ ಗುಂಡಿ ಒತ್ತಬೇಕು. ನಾನು ಹಿಂದೆ ನಿಂತಿದ್ದೆ. ಗುಂಡಿ ಟಿಕ್ ಎನ್ನುತ್ತಿತ್ತು, ಆಮೇಲೆ ದೀರ್ಘ ಮೌನ, ಮತ್ತೆ ಟಿಕ್. ಆ ಮೌನದಲ್ಲಿ ಚುಕ್ಕೆಗಳು ಒಂದಾದ ಮೇಲೊಂದು ಹೊತ್ತಿ ಆರುತ್ತಿದ್ದವು. ಅವರು ಮಾತ್ರ ಆರಾಮವಾಗಿ ಕಾಯುತ್ತಾ ಕೂತಿದ್ದರು.

ಕಣ್ಣಿನಲ್ಲಿ ದೋಷವಿರಲಿಲ್ಲ. ತಲೆಯ ಹಿಂಬದಿಯಲ್ಲಿ, ಬಲಕ್ಕೆ, ಒಂದು ಗಂಟು ನಿಧಾನವಾಗಿ ಬೆಳೆದು ಎಡಗಡೆಯ ನೋಟವನ್ನು ನಡೆಸುವ ಜಾಗವನ್ನು ಒತ್ತುತ್ತಿತ್ತು. ಬಿಟ್ಟಿದ್ದರೆ ಜೀವಕ್ಕೇ ಬರುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ನನ್ನ ಗಂಡನಿಗೆ ಆ ಕಡೆ ಕಪ್ಪಾಗಿ ಏಕೆ ಕಾಣಲಿಲ್ಲ ಎಂದು ನಾನು ಕೇಳಿದೆ.

"ಕತ್ತಲೆ ಕಾಣೋದಕ್ಕೂ ನೋಟ ಬೇಕು," ಅಂದರು. "ನಿಮಗೆ ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತೆ? ಕಪ್ಪಾ? ಹಾಗೆಯೇ ಅವರಿಗೂ. ಅಲ್ಲಿ ಏನೂ ಇಲ್ಲ, ಇಲ್ಲ ಅನ್ನೋದೂ ಇಲ್ಲ."

ಶಸ್ತ್ರಚಿಕಿತ್ಸೆಗೆ ಮುಂಚೆ ಕೋಚು ಬಂದಿದ್ದ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ. "ಬಲಗೈಯವರು ನಿನಗೆ ಕಷ್ಟ ಅಂದ್ಕೊಂಡಿದ್ದೆ ಕ್ರಿಕೆಟ್," ಎಂದ. "ಕಷ್ಟ ಇರಲಿಲ್ಲ. ಅವರು ಇರಲೇ ಇಲ್ಲ," ಅಂದರು ನನ್ನ ಗಂಡ. ಇಬ್ಬರೂ ನಕ್ಕರು. ಹೊರಗೆ ಬಂದು ಆ ಮುದುಕ ಲಿಫ್ಟಿನ ಮುಂದೆ ಗುಂಡಿ ಒತ್ತುವುದನ್ನು ಮರೆತು ನಿಂತಿದ್ದ.

ಗಂಟು ಹೋಯಿತು. ಜೀವ ಉಳಿಯಿತು. ಎಡಭಾಗ ಮರಳಿ ಬರಲಿಲ್ಲ. ತಲೆ ತಿರುಗಿಸಿ ತಿರುಗಿಸಿ ಆ ಜಾಗವನ್ನು ಹುಡುಕಿಕೊಳ್ಳುವುದನ್ನು ಅಭ್ಯಾಸ ಮಾಡಬೇಕು ಎಂದು ಕಲಿಸಲು ಒಬ್ಬಾಕೆ ಬರುತ್ತಿದ್ದಳು. ಅವಳು ನನಗೆ ಹೇಳಿದ್ದು ಇಷ್ಟು: "ನೀವು ಸದಾ ಅವರ ಎಡಗಡೆ ಕೂತ್ಕೊಳ್ಳಿ. ಕೆಮ್ಮಿ, ಮಾತಾಡಿಸಿ, ತಿರುಗೋ ಹಾಗೆ ಮಾಡಿ. ಬಲಗಡೆ ಕೂತರೆ ಅವರು ಸೋಮಾರಿಯಾಗ್ತಾರೆ."

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ. ಅವರು ದಿಂಬಿಗೆ ಒರಗಿ ಕೂತಿದ್ದರು. ನಾನು ಬರಿಗಾಲಿನಲ್ಲಿ ಒಳಗೆ ಬಂದು ಎಡಗಡೆಯ ಕುರ್ಚಿಯಲ್ಲಿ ಕೂತೆ. ಕೆಮ್ಮಬೇಕಿತ್ತು. ಕೆಮ್ಮಲಿಲ್ಲ. ಒಬ್ಬನೇ ಇದ್ದೇನೆ ಎಂದುಕೊಂಡ ಮನುಷ್ಯನ ಮುಖವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನಮ್ಮೆದುರು ಅವರು ಇಟ್ಟುಕೊಂಡಿರುತ್ತಿದ್ದ ತಮಾಷೆ ಆ ಮುಖದಲ್ಲಿರಲಿಲ್ಲ. ತುಳುವಿನಲ್ಲಿ ಏನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ನನಗೆ ಆ ಭಾಷೆ ಬಾರದು. ಯಾರನ್ನೋ ಕೇಳಿಕೊಳ್ಳುವ ದನಿ.

ಆಮೇಲೆ ಅವರು ಎಡಗೈಯನ್ನು ಕಣ್ಣಿನ ಮುಂದೆ ಹಿಡಿದರು. ಅದನ್ನು ನೋಡುತ್ತಲೇ, ತಲೆ ತಿರುಗಿಸದೆ, ಮೆಲ್ಲಗೆ ಎಡಕ್ಕೆ ಸರಿಸಿದರು. ಒಂದು ಜಾಗದಲ್ಲಿ ಅದು ಅವರಿಗೆ ಇಲ್ಲವಾಯಿತು. ನನಗೆ ಅವರ ಕಣ್ಣಿನಲ್ಲೇ ಗೊತ್ತಾಯಿತು. ವಾಪಸು ತಂದರು. ಮತ್ತೆ ಕಳುಹಿಸಿದರು. ಬಾವಿಗೆ ಬಿಂದಿಗೆ ಇಳಿಸಿ ಆಳ ನೋಡುವವರ ಹಾಗೆ, ಪ್ರತಿ ಸಲವೂ ಇನ್ನಷ್ಟು ದೂರ. ನಾನು ಉಸಿರು ಹಿಡಿದೆ. ಆ ಸಲ ಕೈ ಪೂರ್ತಿ ಚಾಚಿತು, ಅವರಿಗೆ ಇಲ್ಲದ ಕಡೆಗೆ ಬಂತು, ಬೆರಳ ತುದಿ ನನ್ನ ಕೆನ್ನೆಗೆ ತಾಗಿತು.

ಅವರ ಇಡೀ ಮೈ ಸೆಟೆಯಿತು. ಕೈ ಹಿಂದಕ್ಕೆ ತೆಗೆಯಲಿಲ್ಲ. ತಿರುಗಲೂ ಇಲ್ಲ.

"ಯಾರು?"

"ನಾನೇ."

"ಬಂದು ಎಷ್ಟು ಹೊತ್ತಾಯಿತು?"

"ಈಗ ಬಂದೆ," ಅಂದೆ.

ಅವರು ನಂಬಿದರೋ ಇಲ್ಲವೋ ನನಗೆ ತಿಳಿಯದು. ಬೆರಳುಗಳು ಕೆನ್ನೆಯಿಂದ ಮೂಗಿಗೆ, ಹುಬ್ಬಿಗೆ, ಕೂದಲಿನ ಅಂಚಿಗೆ ಹೋದವು. ಅವರ ಮುಖ ಎದುರಿನ ಗೋಡೆಯ ಕಡೆಗೇ ಇತ್ತು. ಆಮೇಲೆ ಬಹಳ ನಿಧಾನವಾಗಿ, ಅಲ್ಲಿ ಏನಿರಬಹುದೋ ಎಂದು ಹೆದರುವವರ ಹಾಗೆ, ಅವರು ನನ್ನ ಕಡೆಗೆ ತಲೆ ತಿರುಗಿಸತೊಡಗಿದರು.